ನದಿ ಉಕ್ಕಿದಾಗ ಗೇಟು ಎತ್ತುವ ತೀರ್ಮಾನ ಯಾರದ್ದು?

ಪ್ರಶ್ನೆ: ಅಮೆರಿಕದ ಮಿಸಿಸಿಪ್ಪಿ ನದಿಗೆ 2011ರಲ್ಲಿ ಭಾರಿ ಪ್ರವಾಹ ಬಂದಾಗ, ದೊಡ್ಡ ನಗರಗಳನ್ನು ಉಳಿಸುವ ಸಲುವಾಗಿ ಮೊರ್ಗಾಂಜಾ ಎಂಬಲ್ಲಿ ಗೇಟುಗಳನ್ನು ತೆರೆದು ಹಳ್ಳಿ, ಹೊಲಗಳಿರುವ ಕಡೆಗೆ ನೀರು ಬಿಟ್ಟರೆಂದು ಓದಿದೆ. ಒಬ್ಬರ ಮನೆ ಉಳಿಸಲು ಇನ್ನೊಬ್ಬರ ಮನೆ ಮುಳುಗಿಸುವ ಇಂಥ ತೀರ್ಮಾನವನ್ನು ಯಾರು, ಯಾವ ಆಧಾರದ ಮೇಲೆ ಕೈಗೊಳ್ಳುತ್ತಾರೆ?
– ಓದುಗರೊಬ್ಬರು, ಜಮಖಂಡಿ

ಉತ್ತರ: ನಮ್ಮ ಹಳೆಯ ಕೆರೆಗಳ ಕೋಡಿಗೆ ಗೇಟು ಇರುವುದಿಲ್ಲ. ಕಟ್ಟಿದವರು ಕಲ್ಲನ್ನು ಯಾವ ಎತ್ತರಕ್ಕೆ ಕೂರಿಸಿದರೋ ಆ ಎತ್ತರ ಮುಟ್ಟಿದ ಕೂಡಲೇ ನೀರು ತಾನಾಗಿ ಹೊರಬೀಳುತ್ತದೆ. ಕೋಡಿ ಬಿದ್ದ ದಿನ ಊರಿನವರು ಯಾರನ್ನೂ ದೂರುವುದಿಲ್ಲ, ಬಾಗಿನ ಅರ್ಪಿಸುತ್ತಾರೆ. ಗೇಟು ಅಳವಡಿಸಿದಲ್ಲಿ ಮಾತ್ರ ಅದನ್ನು ಎತ್ತುವ ಕೈ ಯಾರದ್ದು ಎಂಬ ಪ್ರಶ್ನೆ ಹುಟ್ಟುತ್ತದೆ.

ಮೊರ್ಗಾಂಜಾದಲ್ಲಿ ಆ ಕೈ ಅಮೆರಿಕದ ಸೇನಾ ಇಂಜಿನಿಯರುಗಳ ದಳದ್ದು. ಆದೇಶ ನೀಡುವವರು ಮಿಸಿಸಿಪ್ಪಿ ನದಿ ಆಯೋಗದ ಅಧ್ಯಕ್ಷರಾಗಿರುವ ಸೇನಾಧಿಕಾರಿ; 2011ರಲ್ಲಿ ಮೇಜರ್ ಜನರಲ್ ಮೈಕೆಲ್ ವಾಲ್ಶ್ ಆ ಸ್ಥಾನದಲ್ಲಿದ್ದರು. ಆದರೆ ಅವರ ಮುಂದಿದ್ದ ಸಂಖ್ಯೆಯನ್ನು ಅವರು ಆ ವಾರ ಕುಳಿತು ಲೆಕ್ಕ ಹಾಕಿದ್ದಲ್ಲ. ರೆಡ್ ರಿವರ್ ಲ್ಯಾಂಡಿಂಗ್ ಎಂಬ ಮಾಪನ ಸ್ಥಳದಲ್ಲಿ ನದಿಯ ಹರಿವು 15 ಲಕ್ಷ ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ ನೀರು) ತಲುಪಿ, ಇನ್ನೂ ಏರುತ್ತಿದ್ದರೆ ಮೊರ್ಗಾಂಜಾ ತೆರೆಯಬೇಕೆಂಬುದು ಮೊದಲೇ ಬರೆದಿಟ್ಟ ನಿಯಮ. ಇನ್ನೂ ಕೆಳಗೆ, ನ್ಯೂ ಆರ್ಲಿಯನ್ಸ್ ನಗರದ ಬಳಿಯ ಹರಿವು 12.5 ಲಕ್ಷ ಕ್ಯೂಸೆಕ್ ಮೀರದಂತೆ ನೋಡಿಕೊಳ್ಳಲು ಬಾನಿ ಕ್ಯಾರಿ ಎಂಬ ಮತ್ತೊಂದು ಕೋಡಿ ಇದೆ. ಅದು ನೀರನ್ನು ಪಾಂಚಟ್ರೇನ್ ಸರೋವರಕ್ಕೆ ತಿರುಗಿಸುತ್ತದೆ. ನನ್ನ ಮಟ್ಟಿಗೆ ಈ 15 ಲಕ್ಷವೂ ನಮ್ಮ ಕೆರೆಯ ಕೋಡಿಗಲ್ಲೇ, ಕಾಗದದ ಮೇಲೆ ಕೂರಿಸಿದ್ದು ಅಷ್ಟೆ. ನೀರು ಕಣ್ಣಮುಂದೆ ಏರುತ್ತಿರುವಾಗ, ಎರಡೂ ದಂಡೆಯವರು ದೂರವಾಣಿ ಮಾಡುತ್ತಿರುವಾಗ, ನ್ಯಾಯವಾದ ಸಂಖ್ಯೆಯೊಂದನ್ನು ಹುಡುಕಲು ಯಾವ ಅಧಿಕಾರಿಗೂ ಆಗುವುದಿಲ್ಲ.

ಈ ನಿಯಮ ಹುಟ್ಟಿದ್ದು ಒಂದು ದೊಡ್ಡ ಅನ್ಯಾಯದ ನಂತರ. 1927ರ ವಸಂತದಲ್ಲಿ ಮಿಸಿಸಿಪ್ಪಿ ತನ್ನ ದಂಡೆಗೆ ಕಟ್ಟಿದ್ದ ಏರಿಗಳನ್ನು ಹಲವೆಡೆ ಒಡೆದು ಹರಿಯಿತು. ನ್ಯೂ ಆರ್ಲಿಯನ್ಸ್‌ನ ಪ್ರಭಾವಿ ವರ್ತಕರು ಮತ್ತು ಬ್ಯಾಂಕಿನವರು ಸರ್ಕಾರವನ್ನು ಒಪ್ಪಿಸಿ, ನಗರದ ಕೆಳಗಿದ್ದ ಕಾರ್ನಾರ್ವನ್ ಎಂಬಲ್ಲಿ ಏಪ್ರಿಲ್ 29ರಂದು ಏರಿಯನ್ನು ಡೈನಮೈಟ್ ಇಟ್ಟು ಒಡೆಸಿದರು. ಸೇಂಟ್ ಬರ್ನಾರ್ಡ್ ಮತ್ತು ಪ್ಲಾಕಮಿನ್ಸ್ ಪ್ರಾಂತಗಳಲ್ಲಿ ಬೇಟೆ, ಮೀನುಗಾರಿಕೆಯಿಂದ ಬದುಕುತ್ತಿದ್ದ ಬಡವರ ಮನೆಗಳು ಮುಳುಗಿದವು, ಮಾತು ಕೊಟ್ಟಿದ್ದ ಪರಿಹಾರ ಬಹುಪಾಲು ಕೈಸೇರಲಿಲ್ಲ. ಇದಕ್ಕಿಂತ ಕಹಿಯಾದ ಸಂಗತಿಯೆಂದರೆ, ಮೇಲ್ಗಡೆ ಏರಿಗಳು ಆಗಲೇ ಒಡೆದು ನೀರು ಬೇರೆಡೆಗೆ ಹರಡಿದ್ದರಿಂದ ಆ ಸ್ಫೋಟದ ಅಗತ್ಯವೇ ಇರಲಿಲ್ಲ. ಏರಿಗಳನ್ನು ಎತ್ತರಿಸುತ್ತ ಹೋದರೆ ಸಾಕು ಎಂಬ ಹಳೆಯ ನಂಬಿಕೆಯನ್ನು 1928ರ ಪ್ರವಾಹ ನಿಯಂತ್ರಣ ಕಾಯ್ದೆ ಕೈಬಿಟ್ಟಿತು. ನದಿಗೆ ಉಕ್ಕಿ ಹರಿಯಲು ಜಾಗಗಳನ್ನು ಮೊದಲೇ ಗೊತ್ತುಮಾಡಿ, ಅಲ್ಲಿ ನೀರು ಹರಿಸುವ ಹಕ್ಕನ್ನು ಭೂಮಾಲೀಕರಿಂದ ಹಣ ಕೊಟ್ಟು ಪಡೆಯುವ ಪದ್ಧತಿ ಅಲ್ಲಿಂದ ಬೆಳೆಯಿತು. ಮೊರ್ಗಾಂಜಾ ಪ್ರವಾಹ ಮಾರ್ಗದ ನಿವಾಸಿಗಳಿಗೆ ಇಂದಿಗೂ ಪ್ರತಿವರ್ಷ ಸೇನಾ ಇಂಜಿನಿಯರುಗಳಿಂದ ಪತ್ರ ಬರುತ್ತದೆ: ನಿಮ್ಮ ಜಾಗಕ್ಕೆ ನೀರು ಬಿಡುವ ಹಕ್ಕು ಸರ್ಕಾರಕ್ಕಿದೆ, ನೆನಪಿರಲಿ ಎಂದು. ಆ ಪತ್ರವನ್ನು ಓದಿ ಮಡಿಸಿಟ್ಟು ಮತ್ತೆ ಮನೆ ಕಟ್ಟುವವರೂ ಇದ್ದಾರೆ ಎನ್ನುವುದು ಬೇರೆ ಮಾತು.

ಮೊರ್ಗಾಂಜಾ ರಚನೆ 1954ರಲ್ಲಿ ಮುಗಿಯಿತು. ಅದಕ್ಕೆ 125 ಗೇಟುಗಳಿವೆ, ಪೂರ್ತಿ ಸಾಮರ್ಥ್ಯ 6 ಲಕ್ಷ ಕ್ಯೂಸೆಕ್. ಇದುವರೆಗೆ ಅದನ್ನು ತೆರೆದದ್ದು ಎರಡೇ ಬಾರಿ, 1973ರಲ್ಲಿ ಮತ್ತು 2011ರ ಮೇ 14ರಂದು. ಎರಡನೆಯ ಬಾರಿ ತೆರೆಯದಿದ್ದರೆ ಲೂಸಿಯಾನಾ ರಾಜ್ಯದ ರಾಜಧಾನಿ ಬ್ಯಾಟನ್ ರೂಜ್, ಅಲ್ಲಿಂದ ನ್ಯೂ ಆರ್ಲಿಯನ್ಸ್‌ವರೆಗೆ ನದಿಯುದ್ದಕ್ಕೂ ಇರುವ ತೈಲ ಸಂಸ್ಕರಣಾಗಾರಗಳು ಮತ್ತು ಏರಿಗಳ ಹಿಂದೆ ನದಿ ಮಟ್ಟಕ್ಕಿಂತ ಕೆಳಗೆ ಕುಳಿತಿರುವ ನಗರ, ಇಷ್ಟೂ ಅಪಾಯದಲ್ಲಿದ್ದವು. ತೆರೆದರೆ ಅಚಾಫಲಾಯಾ ಎಂಬ ಪಕ್ಕದ ನದಿಯ ಜಲಾನಯನದ ಬ್ಯುಟ್ ಲ ರೋಸ್‌ನಂಥ ಊರುಗಳು, ಕಬ್ಬು ಮತ್ತು ಸೋಯಾ ಹೊಲಗಳು, ಸಿಗಡಿ ಹಿಡಿಯುವವರ ಬದುಕು ನೀರಿನ ದಾರಿಯಲ್ಲಿದ್ದವು. ಗರಿಷ್ಠ 17 ಗೇಟುಗಳನ್ನು ಮಾತ್ರ ತೆರೆಯಬೇಕಾಯಿತು, ಬ್ಯುಟ್ ಲ ರೋಸ್‌ನಲ್ಲಿ ನೀರು ಮುನ್ಸೂಚನೆಗಿಂತ ಸಾಕಷ್ಟು ಕೆಳಗೇ ನಿಂತಿತು.

ಪ್ರಶ್ನೆ: ಪ್ರವಾಹ ಬರುವುದು ವಾರಗಳ ಮೊದಲೇ ತಿಳಿದಿರುತ್ತದೆಯಲ್ಲ? ಹಾಗಿದ್ದರೆ ನೀರು ಕುತ್ತಿಗೆಗೆ ಬರುವವರೆಗೆ ಕಾಯದೆ, ಮೊದಲಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಬಿಡುವುದಕ್ಕೆ ಏನಡ್ಡಿ?
– ಓದುಗರೊಬ್ಬರು, ಹೊಸಪೇಟೆ

ಉತ್ತರ: ಮಿಸಿಸಿಪ್ಪಿಯಂಥ ಮಹಾನದಿಯಲ್ಲಿ ಪ್ರವಾಹದ ಏರಿಕೆ ವಾರಗಟ್ಟಲೆ ಮೊದಲೇ ಕಾಣಿಸುವುದು ನಿಜ. ಕಂಡದ್ದೆಲ್ಲ ಬಂದೇ ಬರುತ್ತದೆ ಎನ್ನಲಾಗದು. 2019ರಲ್ಲಿ ಮೊರ್ಗಾಂಜಾವನ್ನು ಜೂನ್ 2ರಂದು ತೆರೆಯುವುದಾಗಿ ಪ್ರಕಟಿಸಿದ್ದರು. ಅದನ್ನು ಜೂನ್ 6ಕ್ಕೆ, ಬಳಿಕ ಜೂನ್ 9ಕ್ಕೆ ಮುಂದೂಡಿದರು. ಕೊನೆಗೆ ನದಿ ನಿಗದಿತ ಮಟ್ಟ ತಲುಪದೆ ಇದ್ದುದರಿಂದ ತೆರೆಯಲೇ ಇಲ್ಲ. ಮುನ್ಸೂಚನೆಯನ್ನೇ ನಂಬಿ ಮೊದಲೇ ತೆರೆದಿದ್ದರೆ ಸುಮ್ಮನೆ ಒಂದು ಸೀಮೆಯನ್ನು ಮುಳುಗಿಸಿದಂತಾಗುತ್ತಿತ್ತು, 1927ರ ತಪ್ಪೇ ಇನ್ನೊಂದು ರೂಪದಲ್ಲಿ ಮರುಕಳಿಸುತ್ತಿತ್ತು.

ಹಾಗೆಂದು ಕಾಯುವುದಕ್ಕೂ ಒಂದು ಮಿತಿಯಿದೆ, ಆ ಮಿತಿಯನ್ನು ನಿರ್ಧರಿಸುವುದು ಕಬ್ಬಿಣ ಮತ್ತು ಕಾಂಕ್ರೀಟು. ನೀರು ಮುಚ್ಚಿದ ಗೇಟುಗಳ ತಲೆಯ ಮೇಲಿಂದ ಹರಿಯತೊಡಗಿದರೆ ಅವುಗಳನ್ನು ಎತ್ತುವುದೇ ಅಪಾಯದ ಕೆಲಸವಾಗುತ್ತದೆ. ಇನ್ನೊಂದೆಡೆ, ಬೇಗ ತೆರೆದರೂ ಒಮ್ಮೆಲೇ ತೆರೆಯುವಂತಿಲ್ಲ. ಗೇಟಿನ ಕೆಳಬದಿಯ ನೆಲ ಒಣಗಿದ್ದಾಗ ಮೇಲಿನಿಂದ ಧುಮುಕುವ ನೀರು ಮಣ್ಣನ್ನು ಕೊರೆಯುತ್ತದೆ. ಕೆಳಗೆ ಮೊದಲು ಸಾಕಷ್ಟು ನೀರು ನಿಂತರೆ ಅದೇ ಒಂದು ಹಾಸಿನಂತೆ ಹೊಡೆತವನ್ನು ತಡೆಯುತ್ತದೆ. 1973ರಲ್ಲಿ ಅಲ್ಲಿನ ನೆಲ ಕೊರೆದುಹೋಗಿದ್ದನ್ನು ಕಂಡವರು 2011ರಲ್ಲಿ ಮೊದಲ ದಿನ ಒಂದೇ ಗೇಟು ಎತ್ತಿದರು. ಆ ನಿಧಾನದಿಂದ ಜನರಿಗೆ ಮನೆ ಬಿಡಲು, ಜಿಂಕೆ, ಕರಡಿಗಳಿಗೆ ಎತ್ತರದ ಜಾಗ ಹುಡುಕಲು ಸಮಯವೂ ಸಿಕ್ಕಿತು.

1973ರ ಕಥೆಯಲ್ಲಿ ಇನ್ನೊಂದು ಎಳೆಯಿದೆ. ಮಿಸಿಸಿಪ್ಪಿಗೆ ಅಚಾಫಲಾಯಾ ಮೂಲಕ ಸಮುದ್ರ ಸೇರಲು ಹೆಚ್ಚುಕಡಿಮೆ ಅರ್ಧದಷ್ಟೇ ದೂರದ ಒಳದಾರಿಯಿದೆ. ನದಿ ತನ್ನ ಪಾತ್ರವನ್ನೇ ಅತ್ತ ಬದಲಿಸದಂತೆ ಓಲ್ಡ್ ರಿವರ್ ಎಂಬಲ್ಲಿ ನಿಯಂತ್ರಣ ರಚನೆಯೊಂದನ್ನು ಕಟ್ಟಿ, ಒಟ್ಟು ಹರಿವಿನ ಶೇ 30ರಷ್ಟನ್ನು ಮಾತ್ರ ಅತ್ತ ಬಿಡುತ್ತಾರೆ. ಆ ವರ್ಷದ ಪ್ರವಾಹ ಅದರ ಅಡಿಪಾಯವನ್ನೇ ಕೊರೆದು ಪಕ್ಕದ ಗೋಡೆಯನ್ನು ಕೆಡವಿತ್ತು. ಮೊರ್ಗಾಂಜಾವನ್ನು ಅಂದು ತೆರೆದದ್ದು ಮುಖ್ಯವಾಗಿ ಆ ರಚನೆಯ ಮೇಲಿನ ಒತ್ತಡ ತಗ್ಗಿಸಲೆಂದು. ಅದು ಕುಸಿದಿದ್ದರೆ ನ್ಯೂ ಆರ್ಲಿಯನ್ಸ್ ಮುಳುಗುವ ಬದಲು ನದಿಯೇ ಇಲ್ಲದ ಬಂದರಾಗುವ ಸಾಧ್ಯತೆಯಿತ್ತು.

ಪ್ರಶ್ನೆ: ಮುಳುಗಲಿರುವ ಕಡೆಯವರು ನ್ಯಾಯಾಲಯಕ್ಕೆ ಹೋಗಿ ಇಂಥ ಆದೇಶವನ್ನು ತಡೆಯಬಹುದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಪ್ರಯತ್ನಿಸಿದ್ದಾರೆ. ಅದೇ 2011ರ ಪ್ರವಾಹದಲ್ಲಿ, ಮೊರ್ಗಾಂಜಾ ತೆರೆಯುವ ಹನ್ನೆರಡು ದಿನ ಮುಂಚೆ, ಇಲಿನಾಯ್ ರಾಜ್ಯದ ಕೇರೊ ಎಂಬ ಸಣ್ಣ ಪಟ್ಟಣವನ್ನೂ ಆ ಭಾಗದ ಏರಿಗಳನ್ನೂ ಉಳಿಸಲು ಎದುರು ದಂಡೆಯ ಮಿಸೌರಿ ರಾಜ್ಯದ ಬರ್ಡ್ಸ್ ಪಾಯಿಂಟ್‌ನಲ್ಲಿ ಏರಿಯನ್ನು ಸ್ಫೋಟಿಸಬೇಕಾಗಿತ್ತು. ಕೇರೊದಲ್ಲಿ ನದಿಯ ಮಟ್ಟ 61 ಅಡಿ ಮುಟ್ಟಿ ಇನ್ನೂ ಏರುತ್ತಿದ್ದರೆ ಸ್ಫೋಟಿಸಬೇಕೆಂಬುದು ಅಲ್ಲಿನ ನಿಯಮ. ಮಿಸೌರಿ ಸರ್ಕಾರ ದಾವೆ ಹೂಡಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು; ಎಲ್ಲೂ ತಡೆಯಾಜ್ಞೆ ಸಿಗಲಿಲ್ಲ. ಮೇ 2ರ ರಾತ್ರಿ ವಾಲ್ಶ್ ಅವರ ಆದೇಶದಂತೆ ಏರಿ ಸಿಡಿಯಿತು, ಸುಮಾರು 1,30,000 ಎಕರೆ ಕೃಷಿಭೂಮಿ ನೀರಿನಡಿಗೆ ಹೋಯಿತು. ಅಲ್ಲಿಯೂ ನೀರು ಹರಿಸುವ ಹಕ್ಕನ್ನು ದಶಕಗಳ ಹಿಂದೆಯೇ ಹಣ ಕೊಟ್ಟು ಪಡೆಯಲಾಗಿತ್ತು ಎನ್ನುವುದು ಸರ್ಕಾರದ ವಾದಕ್ಕೆ ಬಲ ಕೊಟ್ಟಿತು. ಆದರೆ ಹಕ್ಕನ್ನು ಮಾರಿದ ಅಜ್ಜ ತೀರಿಕೊಂಡಿದ್ದಾನೆ, ಮುಳುಗಿದ್ದು ಮೊಮ್ಮಗನ ಗೋಧಿ. ಅವನ ಸಿಟ್ಟನ್ನು ನಾನು ಅಲ್ಲಗಳೆಯಲಾರೆ.

ಪ್ರಶ್ನೆ: ನಮ್ಮ ಆಲಮಟ್ಟಿ, ನಾರಾಯಣಪುರ, ತುಂಗಭದ್ರಾಗಳಿಗೂ ಇದೇ ನಿಯಮ ಅನ್ವಯವಾಗುತ್ತದೆಯೇ?
– ಓದುಗರೊಬ್ಬರು, ಲಿಂಗಸುಗೂರು

ಉತ್ತರ: ಹೆಸರಿನಲ್ಲಿ ಎರಡೂ ಕೋಡಿಗಳೇ ಆದರೂ ಕೆಲಸ ಬೇರೆ. ಮೊರ್ಗಾಂಜಾ ನದಿಯ ಪಕ್ಕದಲ್ಲಿದ್ದು ನೀರನ್ನು ಬೇರೆ ದಾರಿಗೆ ತಿರುಗಿಸುತ್ತದೆ. ಅದನ್ನು ಮುಚ್ಚಿಯೇ ಇಟ್ಟರೆ ನೀರು ನದಿಯಲ್ಲೇ ಮುಂದೆ ಹೋಗುತ್ತದೆ. ಆಲಮಟ್ಟಿ ನದಿಗೆ ಅಡ್ಡಲಾಗಿದೆ. ಒಳಹರಿವು ಐದು ಲಕ್ಷ ಕ್ಯೂಸೆಕ್ ಮೀರಿದ 2019ರ ಆಗಸ್ಟ್‌ನಂಥ ದಿನಗಳಲ್ಲಿ, ತನ್ನ ಪೂರ್ಣ ಮಟ್ಟವಾದ 519.60 ಮೀಟರ್ ಮುಟ್ಟಿದ ಜಲಾಶಯಕ್ಕೆ ಬಂದಷ್ಟನ್ನೂ ಬಿಡದೆ ಬೇರೆ ದಾರಿಯಿರುವುದಿಲ್ಲ. ಅಲ್ಲಿ ನಿಜವಾದ ತೀರ್ಮಾನ ನಡೆಯುವುದು ಎರಡು ಮೂರು ವಾರ ಮೊದಲು: ಬೇಸಿಗೆಯ ಕಾಲುವೆಗೆಂದು ಜುಲೈನಲ್ಲಿಯೇ ತುಂಬಿಸಿಕೊಳ್ಳಬೇಕೋ, ಪ್ರವಾಹಕ್ಕೆಂದು ಜಾಗ ಖಾಲಿ ಬಿಡಬೇಕೋ ಎಂದು. ಖಾಲಿ ಬಿಟ್ಟು ಮಳೆ ಕೈಕೊಟ್ಟರೆ ರೈತರ ಶಾಪ, ತುಂಬಿಸಿಕೊಂಡು ಮಳೆ ಹೊಡೆದರೆ ನದಿಪಾತ್ರದವರ ಶಾಪ. ಮೇಲ್ಗಡೆ ಸಾಂಗ್ಲಿ, ಕೊಲ್ಹಾಪುರದವರು ತಮ್ಮಲ್ಲಿ ನೀರು ನಿಲ್ಲುವುದಕ್ಕೆ ಆಲಮಟ್ಟಿಯ ಹಿನ್ನೀರನ್ನೇ ದೂರುತ್ತಾರೆ.

ತುಂಗಭದ್ರೆಯಲ್ಲಿ 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಬಂದದ್ದು ಇನ್ನೂ ವಿಚಿತ್ರ ಸಂದಿಗ್ಧ. ತುಂಬಿದ್ದ ಜಲಾಶಯದಲ್ಲಿ ಆ ಒಂದು ಕಿಂಡಿಯನ್ನು ಮುಚ್ಚಲು, ಸರಿಯಿದ್ದ ಉಳಿದ ಗೇಟುಗಳನ್ನೂ ತೆರೆದು ಮಟ್ಟ ಇಳಿಸಬೇಕಾಯಿತು.

ಮುನ್ನೆಚ್ಚರಿಕೆಯ ಯೋಜನೆಯೊಂದು ಪ್ರತಿ ದೊಡ್ಡ ಅಣೆಕಟ್ಟಿಗೂ ಇರಬೇಕೆಂದು 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಹೇಳುತ್ತದೆ. ಕೆಳಗಿನ ಹೊಲಕ್ಕೆ ನೀರು ಹರಿಸುವ ಹಕ್ಕಿಗೆ ಮುಂಗಡವಾಗಿ ಬೆಲೆ ಕಟ್ಟುವ ಪದ್ಧತಿಯನ್ನು ಮಾತ್ರ ನಮ್ಮಲ್ಲಿ ನಾನು ಕಂಡಿಲ್ಲ. ನಾರಾಯಣಪುರದಿಂದ ನೀರು ಬಿಟ್ಟಾಗ ನಿಮ್ಮ ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿ, ನಡುಗಡ್ಡೆಯ ಜನ ಹೊರಜಗತ್ತಿನ ಸಂಪರ್ಕ ಕಳೆದುಕೊಳ್ಳುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅವರಿಗೆ ಸಿಗುವುದು ಮೊದಲು ಡಂಗುರ, ಆಮೇಲೆ ಪಂಚನಾಮೆ, ಅದಾದ ಎಷ್ಟೋ ದಿನಕ್ಕೆ ಪರಿಹಾರದ ಹಣ.