ಪಂಚಾಯತಿನ ಲೆಕ್ಕ ಕನ್ನಡದಲ್ಲೂ ಬೇಕು

"ನಿಮ್ಮ ಕಡೆ ಹೆಂಗಸರು ಮೆಂಬರ್ ಆದ್ರೂ ಸಹಿ ಹಾಕೋದಷ್ಟೇ, ಅಲ್ವಾ? ದುಡ್ಡಿನ ವಿಷಯ ಗಂಡಸರೇ ನೋಡ್ಕೋತಾರೆ ತಾನೇ?" ಅಂತ ಕೇಳಿದೆಯಲ್ಲ ಮಾರಾಯ್ತಿ, ಫೋನಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ.

ಕಾಸರಗೋಡಿನಲ್ಲಿ ಹೆಂಗಸರು ಪಂಚಾಯತಿನಲ್ಲಿ ಕೂರುವುದು ಹೊಸತೇನಲ್ಲ. ಕೇರಳದಲ್ಲಿ 2010ರ ಚುನಾವಣೆಯಿಂದ ಅರ್ಧ ಸೀಟು ಹೆಂಗಸರಿಗೇ. ದುಡ್ಡಿನದ್ದೂ ಹಾಗೆ. 1996ರಲ್ಲಿ ಜನಕೀಯ ಯೋಜನೆ, ಅಂದರೆ ಊರಿನ ಕೆಲಸಗಳನ್ನು ಊರವರೇ ಕೂತು ಯೋಜಿಸಿ ಪಂಚಾಯತಿಗೆ ಬಂದ ಹಣದಲ್ಲಿ ಮಾಡಿಸುವ ಪದ್ಧತಿ, ಶುರುವಾಯಿತು. ಅದರ ಬೆನ್ನಿಗೇ ಯೋಜನೆಯ ಹಣದಲ್ಲಿ ಶೇಕಡಾ 10 ಹೆಂಗಸರ ಕೆಲಸಗಳಿಗೆ ಎತ್ತಿಡಬೇಕು ಎಂಬ ನಿಯಮ ಬಂತು. ಅದು ನಮ್ಮ ಪಾಲು, ಯಾರ ಹತ್ತಿರವೂ ಬೇಡಬೇಕಾಗಿಲ್ಲ.

ನಮ್ಮ ವಾರ್ಡಿನ ಮೆಂಬರ್ ಅಕ್ಕ ಬೀಡಿ ಕಟ್ಟುತ್ತಿದ್ದವರು. ಕುಟುಂಬಶ್ರೀ ಅಂದರೆ ಕೇರಳ ಸರಕಾರದ ಹೆಂಗಸರ ಸ್ವಸಹಾಯ ಯೋಜನೆ. ಅದರ ನೆರೆಕರೆ ಕೂಟದ ಉಳಿತಾಯ, ಸಾಲ, ಬಡ್ಡಿ ಎಲ್ಲ ವರ್ಷಗಟ್ಟಲೆ ಅವರ ಕೈಯಲ್ಲೇ ಇತ್ತು, ಕನ್ನಡದಲ್ಲಿ. ಯಾರ ಕಂತು ಬಾಕಿ ಅಂತ ಪುಸ್ತಕ ತೆರೆಯದೆ ಹೇಳುತ್ತಿದ್ದರು.

ಪಂಚಾಯತ್ ಸಭೆಯಲ್ಲಿ ಅದೇ ಅಕ್ಕನ ಕೈಗೆ ಬರುವ ಕಾಗದ ಪೂರ್ತಿ ಮಲಯಾಳ. ಮಾತಾಡಲು ಅವರಿಗೆ ಮಲಯಾಳ ಚೆನ್ನಾಗಿಯೇ ಬರುತ್ತದೆ. ಆದರೆ ಓದಿದ್ದು ಕನ್ನಡ ಶಾಲೆಯಲ್ಲಿ. ಅಂಕಿ ಓದಬಹುದು, ಅದು ಯಾವ ಬಾಬ್ತಿನದ್ದು ಅಂತ ಪಕ್ಕದವರನ್ನು ಕೇಳಬೇಕು. ಒಮ್ಮೆ ದನ ಸಾಕುವ ಹೆಂಗಸರಿಗೆ ಇಟ್ಟ ಮೊತ್ತ ಕಡಿಮೆ ಕಂಡಿತು. ಅಕ್ಕ ಆ ಸಾಲಿನ ಮೇಲೆ ಬೆರಳಿಟ್ಟು, "ಇದು ಹೋದ ವರ್ಷ ಉಳಿದದ್ದಾ, ಈ ವರ್ಷದ್ದಾ?" ಅಂತ ಕೇಳಿದರು. "ಆಮೇಲೆ ಹೇಳುವ" ಅಂದರು ಸಭೆಯಲ್ಲಿದ್ದವರು. ಪಟ್ಟಿ ಪಾಸಾಯಿತು. ಆಮೇಲೆ ಯಾರೂ ಹೇಳಲಿಲ್ಲ. ಮುಂದಿನ ಸಾಲುಗಳಿಗೆ ಅಕ್ಕ ಬಾಯಿ ತೆರೆಯಲಿಲ್ಲ. ದೂರದಿಂದ ನೋಡಿದವರಿಗೆ ಇದೇ "ಮೆಂಬರ್ ಸುಮ್ನೆ ಕೂತಿದ್ರು" ಅಂತ ಕಾಣುವುದು.

ಕನ್ನಡ ಓದಿದ ಗಂಡಸು ಮೆಂಬರಿಗೂ ಈ ತೊಂದರೆ ಇದೆ. ಅವರು ಕಚೇರಿ ಮುಗಿದ ಮೇಲೂ ನಿಂತು ಗುಮಾಸ್ತರನ್ನು, ಕಂಟ್ರಾಕ್ಟರನ್ನು ಕೇಳಿ ತಿಳಿದುಕೊಳ್ಳುತ್ತಾರೆ. ಅಕ್ಕನಿಗೆ ಸಂಜೆಯ ಬಸ್ಸು ತಪ್ಪಬಾರದು. ಮನೆಗೆ ಹೋಗಿ ಅಡುಗೆ ಆಗಬೇಕು, ಅತ್ತೆಗೆ ಮದ್ದು ಕೊಡಬೇಕು. ಸಭೆಯ ಹೊರಗೆ ನಡೆಯುವ ಈ ಪಾಠ ಹೆಂಗಸರಿಗೆ ಸಿಗುವುದಿಲ್ಲ. ಹಣದ ಮೇಲಿನ ಹಿಡಿತ ತಪ್ಪುವುದು ಅಲ್ಲೇ. ಇನ್ನೊಂದು ವಿಷಯ, ಇಲ್ಲಿ ದುಡ್ಡಿನ ವಿಷಯ ನೋಡುವ ಹಣಕಾಸು ಸ್ಥಾಯಿ ಸಮಿತಿಗೆ ಪಂಚಾಯತ್ ಉಪಾಧ್ಯಕ್ಷರೇ ಅಧ್ಯಕ್ಷರು. ಹಾಗಾಗಿ ಪಂಚಾಯತ್ ಅಧ್ಯಕ್ಷರು ಹೆಂಗಸಾದ ಮಾತ್ರಕ್ಕೆ ಹಣದ ಚರ್ಚೆ ಅವರ ಕೈಗೆ ಬಂತು ಅಂತ ಹೇಳಲಾಗದು.

"ಮಲಯಾಳ ಕಲಿತರಾಯ್ತು" ಅಂತ ನೀನು ಹೇಳಬಹುದು. ಮಕ್ಕಳು ಕಲಿಯುತ್ತಿದ್ದಾರೆ, ನಮಗೂ ಆ ಭಾಷೆಯ ಮೇಲೆ ಸಿಟ್ಟಿಲ್ಲ. ಆದರೆ ನಾವು ಎಲ್ಲಿಂದಲೋ ಬಂದು ನೆಲೆಸಿದವರಲ್ಲ. ದಕ್ಷಿಣ ಕನ್ನಡದ ತಾಲೂಕಾಗಿದ್ದ ಕಾಸರಗೋಡನ್ನು 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿಸಿದರು. ಇಲ್ಲಿನ ಕನ್ನಡಿಗರು ಸರಕಾರದ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು ಅಂತ 1969ರ ಅಧಿಕೃತ ಭಾಷಾ ಕಾಯ್ದೆಯೇ ಒಪ್ಪಿಕೊಂಡಿತು. ಅರ್ಜಿ ಬರೆಯಲು ಆಗುವ ಭಾಷೆ ಬಜೆಟ್ ಓದಲು ಯಾಕಾಗಬಾರದು?

ವಾರ್ಷಿಕ ಯೋಜನೆಯ ಪಟ್ಟಿಯೂ ಬಜೆಟ್ಟಿನ ಸಾರಾಂಶವೂ ಸಭೆಗೆ ಒಂದು ವಾರ ಮೊದಲೇ ಕನ್ನಡದಲ್ಲಿ ಕೈಗೆ ಸಿಗಬೇಕು. ಹೆಂಗಸರ ಪಾಲಿನ ಶೇಕಡಾ 10 ಯಾವ ಯಾವ ಕೆಲಸಕ್ಕೆ ಹೋಯಿತು ಅನ್ನುವುದು ಬೇರೆ ಪುಟದಲ್ಲಿ ಇರಬೇಕು. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ನಿರ್ಣಯವಾಗಿ ಬರೆಸಲು ಕೂಟದವರೆಲ್ಲ ಒಟ್ಟಿಗೆ ಹೋಗುತ್ತೇವೆ, ಮಾತಾಡುವುದು ಅಕ್ಕನೇ.