ಬರೆಯುತ್ತಾಳೆ, ಓದುವುದಿಲ್ಲ: ಕಿವಿ ಕೇಳದ ಮಗು ಮತ್ತು ಬೆರಳಕ್ಷರ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಮಗುವನ್ನು ಪುಟ್ಟಿ ಎಂದು ಕರೆಯುತ್ತೇನೆ.)

ಸಲಹೆ ಕೇಳಿ ನನ್ನ ಬಳಿ ಬಂದದ್ದು ಮಂಡ್ಯ ಸಮೀಪದ ಹಳ್ಳಿಯ ಕುಟುಂಬ. ತಂದೆ ಕಬ್ಬು ಬೆಳೆಯುತ್ತಾರೆ, ತಾಯಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಪುಟ್ಟಿಗೆ ಏಳು ವರ್ಷ, ಊರಿನ ಶಾಲೆಯಲ್ಲೇ ಎರಡನೇ ಕ್ಲಾಸು. ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ, ಎಲ್ಲರ ಬಾಯಲ್ಲಿ 'ಸ್ಪೀಚ್ ಅಂಡ್ ಹಿಯರಿಂಗ್', ಪರೀಕ್ಷೆ ಆಗಿದೆ. ದೋಷ ತೀವ್ರವಾದ್ದರಿಂದ ಕಿವಿ ಮಿಷನ್ ಹಾಕಿದರೂ ಜೋರು ಸದ್ದು ಮಾತ್ರ ತಿಳಿಯುತ್ತದೆ.

ತಾಯಿ ಕಾಪಿ ಪುಸ್ತಕ ತೆರೆದು ತೋರಿಸಿದರು. "ನೋಡಿ ಮೇಡಂ, ಮುತ್ತಿನಂಗೆ ಬರೀತಾಳೆ. ಒಂದನ್ನೂ ಓದಕ್ಕೆ ಬರಕಿಲ್ಲ. ಬುದ್ಧಿ ಕಮ್ಮಿ ಅಂತಾರೆ. ಹೌದಾ?"

ನಾನು 'ನೀರು' ಎಂದು ಬರೆದು ಪುಟ್ಟಿಯ ಮುಂದಿಟ್ಟೆ. ಅವಳು ಕೆಳಗೆ ಅಷ್ಟೇ ಅಂದವಾಗಿ ನಕಲು ಮಾಡಿದಳು. ಲೋಟದ ನೀರು ತೋರಿಸಿದಾಗ ಹೆಬ್ಬೆರಳು ಬಾಯಿಗೆ ತಂದು ಕುಡಿಯುವ ಸನ್ನೆ ಮಾಡಿದಳು. ಹಸುವಿನ ಚಿತ್ರಕ್ಕೆ ಕೊಂಬು ತೋರಿಸಿದಳು. ಅರ್ಥ ತಲೆಯಲ್ಲಿದೆ, ಅಕ್ಷರ ಕೈಯಲ್ಲಿದೆ, ಎರಡರ ನಡುವೆ ದಾರಿ ಇಲ್ಲ. ಕಿವಿ ಕೇಳುವ ಮಗು ಅಕ್ಷರ ಕೂಡಿಸಿ ಸದ್ದು ಮಾಡುತ್ತದೆ. ಆ ಸದ್ದು ಮನೆಯಲ್ಲಿ ಸಾವಿರ ಸಲ ಕೇಳಿದ ಮಾತೇ ಆಗಿರುತ್ತದೆ. ಪುಟ್ಟಿಗೆ ಆ ಮಾತೇ ಸಿಕ್ಕಿಲ್ಲ. ಬುದ್ಧಿಯ ಕೊರತೆಯ ಲಕ್ಷಣ ನನಗೆ ಏನೂ ಕಾಣಲಿಲ್ಲ. ಇದನ್ನು ತಾಯಿಗೆ ಮೊದಲು ಸ್ಪಷ್ಟವಾಗಿ ಹೇಳಿದೆ.

ಜೊತೆಗೆ ಬಂದಿದ್ದ ಅಜ್ಜಿಯ ಭಯ ಬೇರೆ. "ಕೈ ಆಡಿಸೋದು ಕಲಿಸುದ್ರೆ ಆಮೇಲೆ ಬಾಯಿ ಬತ್ತದಾ?" ಈ ಮಾತು ನಾನು ಬಹಳ ಮನೆಗಳಲ್ಲಿ ಕೇಳುತ್ತೇನೆ. ಸನ್ನೆ ಕಲಿತರೆ ಮಾತು ನಿಲ್ಲುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಯಾವ ಭಾಷೆಯೂ ಇಲ್ಲದೆ ಮೊದಲ ಐದಾರು ವರ್ಷ ಕಳೆದುಹೋದರೆ ಆಗುವ ನಷ್ಟ ಮಾತ್ರ ದೊಡ್ಡದು. "ಅಜ್ಜಿ, ಮಿಷನ್ನೂ ಇರಲಿ, ಮಾತಿನ ಅಭ್ಯಾಸವೂ ಇರಲಿ. ಕೈ ಮಾತ್ರ ಕಟ್ಟಬೇಡಿ" ಎಂದೆ.

ಅಜ್ಜಿ ಹೊರಗೆ ಹೋದಾಗ ತಾಯಿ ಅತ್ತರು. ಬಸುರಿಯಾಗಿದ್ದಾಗ ಗ್ರಹಣದ ದಿನ ಹೊರಗೆ ಬಂದಿದ್ದರಂತೆ. ಅದಕ್ಕೇ ಹೀಗಾಯಿತು ಎಂದು ಮನೆಯಲ್ಲಿ ಹೇಳುತ್ತಾರಂತೆ. ಗ್ರಹಣಕ್ಕೂ ಕಿವುಡುತನಕ್ಕೂ ಸಂಬಂಧವಿಲ್ಲ. ಇದನ್ನು ಅಜ್ಜಿ ಒಳಗೆ ಬಂದ ಮೇಲೆ ಅವರ ಎದುರಿಗೇ ಇನ್ನೊಮ್ಮೆ ಹೇಳಿದೆ. ತನ್ನದೇ ತಪ್ಪು ಎಂದು ಕೊರಗುವ ತಾಯಿ ಮಗುವಿನ ಕಣ್ಣಲ್ಲಿ ಕಣ್ಣಿಟ್ಟು ಕೂರುವುದು ಕಷ್ಟ. ಓದು ಶುರುವಾಗುವುದು ಹಾಗೆ ಕೂತಾಗಲೇ ಅಲ್ವಾ?

ನಾನು ಕೊಟ್ಟ ಸಲಹೆಯಲ್ಲಿ ಮೊದಲನೆಯದು ಸನ್ನೆ ಭಾಷೆ, ಇಡೀ ಮನೆಗೆ. 2015ರಲ್ಲಿ ದೆಹಲಿಯಲ್ಲಿ ಶುರುವಾದ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟಿನ 2021ರ ಆವೃತ್ತಿಯಲ್ಲಿ 10,000 ಪದಗಳಿವೆ, ವಿಡಿಯೋಗಳು ಫೋನಿನಲ್ಲೇ ಸಿಗುತ್ತವೆ. ಊಟ, ಶಾಲೆ, ಹಸು, ಬಸ್ಸು, ಸಿಟ್ಟು, ನಾಳೆ: ದಿನಾ ಬೇಕಾದವುಗಳಿಂದ ಶುರು ಮಾಡಿ ಎಂದೆ. ವಿಡಿಯೋ ಒಂದೇ ಸಾಲದು. ಸನ್ನೆಯಲ್ಲೇ ಬದುಕುವ ಕಿವುಡ ದೊಡ್ಡವರ ಜೊತೆ ಮಗು ಬೆರೆಯಬೇಕು.

ಬೆರಳಕ್ಷರ ಅಂದರೆ ಒಂದೊಂದು ಅಕ್ಷರಕ್ಕೂ ಬೆರಳಿನಲ್ಲಿ ಒಂದೊಂದು ಆಕಾರ ಮಾಡಿ ಪದ ಕಟ್ಟುವುದು. ಅದು ಸನ್ನೆ ಭಾಷೆಯ ಮೇಲೆ ಬರಬೇಕು, ಅದರ ಬದಲಿಗೆ ಅಲ್ಲ. ಅಮೆರಿಕದ ಕಿವುಡ ಮಕ್ಕಳ ತರಗತಿಗಳನ್ನು ಗಮನಿಸಿದ ಸಂಶೋಧಕರಾದ ಕೆರೊಲ್ ಪ್ಯಾಡನ್ ಮತ್ತು ಕ್ಲೇರ್ ರ‍್ಯಾಮ್ಸೆ ಒಂದು ಸೊಗಸಾದ ಕ್ರಮವನ್ನು ದಾಖಲಿಸಿದ್ದಾರೆ. ಕಿವುಡ ಶಿಕ್ಷಕರು ಒಂದು ಪದವನ್ನು ಸರಪಣಿಯಂತೆ ಹೆಣೆಯುತ್ತಾರೆ. ಸನ್ನೆ ಮಾಡುತ್ತಾರೆ, ಅದೇ ಪದವನ್ನು ಬೆರಳಲ್ಲಿ ಬರೆಯುತ್ತಾರೆ, ಬೋರ್ಡಿನ ಮೇಲಿನ ಪದ ಮುಟ್ಟಿ ತೋರಿಸುತ್ತಾರೆ, ಮತ್ತೆ ಸನ್ನೆ. ಒಂದರ ಹಿಂದೆ ಒಂದು, ಬಿಡುವಿಲ್ಲದೆ. ಮನೆಯಲ್ಲೂ ಹೀಗೇ ಮಾಡಿ ಎಂದೆ. ಒಂದೊಂದು ಅಕ್ಷರಕ್ಕೂ ನಿಲ್ಲಿಸಿ ಪಾಠ ಒಪ್ಪಿಸಿಕೊಳ್ಳಬೇಡಿ, ಪದ ಒಂದೇ ಓಟದಲ್ಲಿ ಸಾಗಲಿ. ಚಿಕ್ಕ ಮಗು ಮೊದಲು ಬೆರಳುಗಳ ಒಟ್ಟು ಆಕಾರವನ್ನೇ ಒಂದು ಸನ್ನೆಯಾಗಿ ಹಿಡಿಯುತ್ತದೆ. ಅದರೊಳಗಿನ ಅಕ್ಷರಗಳು ಆಮೇಲೆ ಕಾಣುತ್ತವೆ.

ನಮ್ಮಲ್ಲಿ ಒಂದು ತೊಡಕಿದೆ. ಭಾರತೀಯ ಸನ್ನೆ ಭಾಷೆಯಲ್ಲಿ ಹೆಚ್ಚಾಗಿ ಬಳಸುವ ಬೆರಳಕ್ಷರ ಇಂಗ್ಲಿಷಿನ 26 ಅಕ್ಷರಗಳದ್ದು, ಬಹುಪಾಲು ಎರಡೂ ಕೈಯಲ್ಲಿ ಮಾಡುವಂಥದ್ದು. ಪುಟ್ಟಿ ಓದುವುದು ಕನ್ನಡ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದ ಬರಹ. ಆದ್ದರಿಂದ ಎರಡು ದಾರಿ ಹೇಳಿದೆ. ಒಂದು, ಕನ್ನಡ ಪದಕ್ಕೆ ಸನ್ನೆ, ವಸ್ತು, ಪದದ ಚೀಟಿ, ಅಂಗೈ ಮೇಲೆ ಬೆರಳಿಂದ ಬರೆಯುವುದು. ಶಾಲೆಯಲ್ಲಿ ಕನ್ನಡ ಬೆರಳಕ್ಷರ ಕಲಿಸಿದರೆ ಮನೆಯಲ್ಲೂ ಅದನ್ನೇ ಬಳಸಿ, ಕನ್ನಡಕ್ಕೆ ಇನ್ನೊಂದು ಬೇಡ. ಎರಡು, ಇಂಗ್ಲಿಷ್ ಬೆರಳಕ್ಷರ. ಅದಕ್ಕೆ ಮಗುವಿನ ಹೆಸರು, ಅಮ್ಮ, ಬಸ್ ಇಷ್ಟು ಸಾಕು. ತಾಯಿಗೆ ಇಂಗ್ಲಿಷ್ ಬರುವುದಿಲ್ಲ ಎಂಬ ಅಳುಕು. ನಂದಿನಿ ಹಾಲಿನ ಪ್ಯಾಕೆಟ್ಟಿನ ಮೇಲೆ ಒಂದೇ ಹೆಸರು ಎರಡೂ ಲಿಪಿಯಲ್ಲಿ ಇದೆ, ಮಗಳ ಜೊತೆಯಲ್ಲೇ ನೀವೂ ಕಲಿಯಬಹುದು ಎಂದೆ.

ಕಥೆ ಓದುವಾಗ ಮಗುವನ್ನು ತೊಡೆ ಮೇಲೆ ಕೂರಿಸಬೇಡಿ, ಎದುರಿಗೆ ಕೂರಿಸಿ. ಅವಳು ಪುಸ್ತಕವನ್ನೂ ಕೈಯನ್ನೂ ಒಟ್ಟಿಗೆ ನೋಡಲಾರಳು. ಚಿತ್ರ ನೋಡಿ ಮುಗಿಸಿ ಕಣ್ಣೆತ್ತುವ ತನಕ ಕಾಯಿರಿ. ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ.

ಶಾಲೆ ಬದಲಿಸಬೇಕಾ ಎಂದೂ ಕೇಳಿದರು. ಕಿವುಡ ಮಕ್ಕಳಿಗೆ ತಕ್ಕ ಭಾಷೆ ಮತ್ತು ವಿಧಾನದಲ್ಲಿ ಕಲಿಸಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಅದನ್ನು ಶಾಲೆಗೆ ಪತ್ರದಲ್ಲಿ ಬರೆದುಕೊಟ್ಟೆ. ಮೈಸೂರಿನ ಕಿವುಡ ಮಕ್ಕಳ ಶಾಲೆಯನ್ನೂ ಒಮ್ಮೆ ನೋಡಿ ಬನ್ನಿ, ಆಟದ ಹೊತ್ತಿನಲ್ಲಿ ಮಕ್ಕಳು ಕೈಯಲ್ಲಿ ಎಷ್ಟು ಮಾತಾಡುತ್ತಾರೆ ಗಮನಿಸಿ ಎಂದೆ. ನಿರ್ಧಾರ ಅವರದು.

ಕೆಲವು ತಿಂಗಳ ಮೇಲೆ ಬಂದಾಗ ಪುಟ್ಟಿ ನನ್ನ ಮೇಜಿನ ವಸ್ತುಗಳನ್ನು ತೋರಿಸಿ ಒಂದೊಂದಕ್ಕೂ ಬೆರಳಕ್ಷರ ಕೇಳಿದಳು. 'ನೀರು', 'ಹಸು' ಚೀಟಿ ಕಂಡ ಕೂಡಲೇ ಸನ್ನೆ ಮಾಡಿದಳು. ಅಜ್ಜಿ ಊಟಕ್ಕೆ ಸನ್ನೆ ಮಾಡಿಯೇ ಕರೆಯುತ್ತಾರಂತೆ. ಒತ್ತಕ್ಷರದ ಪದಗಳು ಇನ್ನೂ ಹಿಡಿತಕ್ಕೆ ಬಂದಿಲ್ಲ, ವಾಕ್ಯ ದೂರವಿದೆ. ಮುಂದಿನ ಸಲ ತಂದೆಯನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ. ಮನೆಯಲ್ಲಿ ಸನ್ನೆ ಕಲಿಯದೆ ಉಳಿದವರು ಅವರೊಬ್ಬರೇ.