ಕಡಲತಳದಡಿ ಹೂತ ಹವಳದ ದಿಬ್ಬಗಳು

ಪ್ರಶ್ನೆ: ಕಡಲತಳದ ಕೆಳಗೆ ಬಹು ಆಳದಲ್ಲಿ ಹೂತಿರುವ ಪ್ರಾಚೀನ ಹವಳದ ದಿಬ್ಬಗಳು ಹಳೆಯ ಸೈಸ್ಮಿಕ್ ಚಿತ್ರಗಳಲ್ಲಿ (ನೆಲದೊಳಕ್ಕೆ ಕಳಿಸಿದ ತರಂಗಗಳ ಪ್ರತಿಧ್ವನಿಯಿಂದ ರಚಿಸುವ ಚಿತ್ರಗಳು) ಮಸುಕಾಗಿದ್ದು, ಈಗ ಸ್ಪಷ್ಟವಾಗುತ್ತಿವೆಯಂತೆ. ಇದಕ್ಕೆ ಕಾರಣ ಉಪಕರಣಗಳೋ, ಲೆಕ್ಕಾಚಾರವೋ?

ಉತ್ತರ: ಎರಡೂ ಹೌದು, ಆದರೆ ಲೆಕ್ಕಾಚಾರದ ಪಾಲೇ ದೊಡ್ಡದೆಂದು ನನ್ನ ಅಭಿಪ್ರಾಯ. ಸಮೀಕ್ಷೆಯ ಹಡಗು ಏರ್‌ಗನ್‌ಗಳಿಂದ ಒತ್ತಡದ ಗಾಳಿಯನ್ನು ಹಠಾತ್ತನೆ ನೀರಿಗೆ ಬಿಟ್ಟಾಗ ಹುಟ್ಟುವ ತರಂಗಗಳು ತಳದ ಶಿಲಾಪದರಗಳಿಂದ ಪ್ರತಿಫಲಿಸಿ ಮರಳುತ್ತವೆ. ಹಡಗು ಎಳೆದೊಯ್ಯುವ, ಕಿಲೋಮೀಟರುಗಟ್ಟಲೆ ಉದ್ದದ ಕೇಬಲ್‌ಗಳಲ್ಲಿರುವ ಹೈಡ್ರೋಫೋನ್‌ಗಳು, ಅಂದರೆ ನೀರಿನಡಿಯ ಮೈಕ್‌ಗಳು, ಅವನ್ನು ದಾಖಲಿಸುತ್ತವೆ. ಹೀಗೆ ದೊರೆಯುವುದು ತರಂಗ ಹೋಗಿಬಂದ ಸಮಯವೇ ಹೊರತು ಆಳವಲ್ಲ; ಆಳ ತಿಳಿಯಲು ಶಿಲೆಯಲ್ಲಿ ತರಂಗದ ವೇಗವೂ ಗೊತ್ತಿರಬೇಕು.

ತೊಡಕು ಇರುವುದು ಇಲ್ಲಿಯೇ. ಹವಳದ ಸುಣ್ಣಕಲ್ಲಿನಲ್ಲಿ ತರಂಗ ಸಾಮಾನ್ಯವಾಗಿ ಸುತ್ತಲಿನ ಜೇಡಿಶಿಲೆಗಿಂತ ವೇಗವಾಗಿ ಸಾಗುತ್ತದೆ. 300 ಮೀಟರ್ ದಪ್ಪದ ದಿಬ್ಬದಲ್ಲಿ ವೇಗ ಸೆಕೆಂಡಿಗೆ 4,500 ಮೀಟರ್, ಪಕ್ಕದ ಜೇಡಿಶಿಲೆಯಲ್ಲಿ 3,000 ಮೀಟರ್ ಎಂದಿಟ್ಟುಕೊಳ್ಳಿ. ಎಲ್ಲೆಡೆಯೂ ಜೇಡಿಶಿಲೆಯ ವೇಗವನ್ನೇ ಹಿಡಿದು ಲೆಕ್ಕ ಹಾಕಿದರೆ, ದಿಬ್ಬದ ಕೆಳಗಿನ ಸಮತಟ್ಟಾದ ಪದರವು ಸುಮಾರು 100 ಮೀಟರ್ ಮೇಲೆದ್ದಂತೆ ಕಾಣುತ್ತದೆ. ಇಲ್ಲದ ಉಬ್ಬೊಂದು ಚಿತ್ರದಲ್ಲಿ ಮೂಡುತ್ತದೆ; ದಿಬ್ಬದ ಕಡಿದಾದ ಅಂಚುಗಳೂ ತಪ್ಪು ಜಾಗದಲ್ಲಿ ಬೀಳುತ್ತವೆ. ಆದ್ದರಿಂದ ಇಂದಿನ ಮುಖ್ಯ ಪರಿಶ್ರಮವೆಲ್ಲ ಎಲ್ಲೆಲ್ಲಿ ತರಂಗ ಎಷ್ಟು ವೇಗವಾಗಿ ಸಾಗುತ್ತದೆಂಬ ವೇಗದ ನಕ್ಷೆಯನ್ನು ತಿದ್ದುವುದರಲ್ಲಿದೆ. ಕಂಪ್ಯೂಟರಿನಲ್ಲಿ ಕೃತಕ ತರಂಗಗಳನ್ನು ಹಾಯಿಸಿ, ಅವು ನಿಜವಾದ ದಾಖಲೆಗೆ ಹೊಂದುವವರೆಗೆ ನಕ್ಷೆಯನ್ನು ಮತ್ತೆ ಮತ್ತೆ ಬದಲಿಸುವ ವಿಧಾನದ ತಾತ್ವಿಕ ನೆಲೆ 1980ರ ದಶಕದಲ್ಲೇ ಸಿದ್ಧವಾಗಿತ್ತು. ಅದಕ್ಕೆ ತಕ್ಕ ಗಣನಶಕ್ತಿ ಬಂದದ್ದು ಬಹಳ ತಡವಾಗಿ.

ಉಪಕರಣಗಳ ಕೊಡುಗೆಯನ್ನೂ ಅಲ್ಲಗಳೆಯಲಾಗದು. ತಳದಿಂದ ಬಂದ ತರಂಗ ನೀರಿನ ಮೇಲ್ಮೈಗೆ ತಾಗಿ, ತಲೆಕೆಳಗಾಗಿ ಕೆಳಕ್ಕೆ ಮರಳುವಾಗ ಕೆಲವು ಕಂಪನಾಂಕಗಳನ್ನು ಅಳಿಸಿಹಾಕುತ್ತದೆ, ಕೇಬಲ್ 7.5 ಮೀಟರ್ ಆಳದಲ್ಲಿದ್ದರೆ 100 ಹರ್ಟ್ಸ್, 15 ಮೀಟರಿನಲ್ಲಿದ್ದರೆ 50 ಹರ್ಟ್ಸ್ ಆಸುಪಾಸಿನ ಸಂಕೇತ ಕಳೆದುಹೋಗುತ್ತದೆ. ಕೇಬಲ್ಲನ್ನು ಓರೆಯಾಗಿ ಇಳಿಬಿಟ್ಟು, ಅದರ ಬೇರೆಬೇರೆ ಭಾಗಗಳು ಬೇರೆಬೇರೆ ಆಳದಲ್ಲಿರುವಂತೆ ಮಾಡಿ ಈ ನಷ್ಟವನ್ನು ಹಲವು ಕಂಪನಾಂಕಗಳಿಗೆ ಹಂಚುತ್ತಾರೆ. ಸಮುದ್ರತಳದಲ್ಲೇ ಇರಿಸುವ ಗ್ರಾಹಕಗಳಿಗಂತೂ ಎಲ್ಲ ದಿಕ್ಕುಗಳಿಂದಲೂ ತರಂಗಗಳು ತಲುಪುವುದರಿಂದ ದಿಬ್ಬದ ಇಳಿಜಾರುಗಳು ಚೆನ್ನಾಗಿ ಮೂಡುತ್ತವೆ.

2015ರಲ್ಲಿ ಈಜಿಪ್ಟಿನ ಮೆಡಿಟರೇನಿಯನ್ ಕಡಲಿನಲ್ಲಿ, ಸುಮಾರು 1,450 ಮೀಟರ್ ನೀರಿನಡಿ ಪತ್ತೆಯಾದ ಜೋಹ್ರ್ ಅನಿಲ ನಿಕ್ಷೇಪವಿರುವುದು ಇಂಥದೇ ಸುಣ್ಣಕಲ್ಲಿನ ದಿಬ್ಬದಲ್ಲಿ. ಹಾಗೆಂದು ದಿಬ್ಬದಂತೆ ಕಂಡದ್ದೆಲ್ಲ ಹವಳದ್ದಲ್ಲ. ಹೂತ ಜ್ವಾಲಾಮುಖಿಯೂ ಚಿತ್ರದಲ್ಲಿ ಹಾಗೆಯೇ ತೋರಬಹುದು. ಸೂಕ್ಷ್ಮತೆಗೂ ಮಿತಿಯಿದೆ: ಮೇಲೆ ಹೇಳಿದ ಸುಣ್ಣಕಲ್ಲಿನಲ್ಲಿ 30 ಹರ್ಟ್ಸ್ ತರಂಗದ ಉದ್ದ 150 ಮೀಟರ್, ಅದರ ಕಾಲುಭಾಗಕ್ಕಿಂತ, ಎಂದರೆ ಸುಮಾರು 37 ಮೀಟರಿಗಿಂತ ತೆಳುವಾದ ಪದರದ ಮೇಲಂಚು ಕೆಳಅಂಚುಗಳು ಬೇರೆಬೇರೆಯಾಗಿ ಕಾಣುವುದಿಲ್ಲ. ಅಂಥ ವಿವರಗಳನ್ನು ಬಾವಿ ಕೊರೆದೇ ತಿಳಿಯಬೇಕು.